ಮಗಳಿಗೊಂದು ಪತ್ರ: ಊಟಕ್ಕೆ ಕೋಣೆಯಿಂದ ಹೊರಗೆ ಹೋಗು

ಮಂಗಳೂರು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಚೇರಿಯ ಕೆಲಸಕ್ಕಾಗಿ ನೀನು ಮುಂದಿನ ವಾರ ಸಿಂಗಾಪುರಕ್ಕೂ ಅಲ್ಲಿಂದ ಮಲೇಷ್ಯಾದ ಪೆನಾಂಗಿಗೂ ಹೋಗುವ ಸುದ್ದಿ ಕೇಳಿದ್ದೇ ತಡ, ಅಜ್ಜಿ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಕಟ್ಟಿಡಲು ತೊಡಗಿದ್ದಾರೆ. ಅವರ ಮನಸ್ಸನ್ನು ನೋಯಿಸಬೇಡ, ಕಟ್ಟನ್ನು ತೆಗೆದುಕೊಂಡು ಹೋಗು. ಆದರೆ ಅದನ್ನು ಬಿಚ್ಚುವ ಪ್ರಸಂಗ ಬಾರದಿರಲಿ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಗೇರುಬೀಜ ರಫ್ತಿನ ಕಂಪೆನಿಯ ಪರವಾಗಿ ಮೊದಲ ಸಲ ಸಿಂಗಾಪುರಕ್ಕೆ ಹೋದಾಗ ನಾನು ನಾಲ್ಕು ರಾತ್ರಿ ಹೋಟೆಲಿನ ಕೋಣೆಯಲ್ಲಿ ಕುಳಿತು, ಬಿಸಿನೀರಿನಲ್ಲಿ ನೆನೆಸಿದ ಅವಲಕ್ಕಿಯನ್ನೇ ತಿಂದಿದ್ದೆ. ಹೆಸರು ಗೊತ್ತಿಲ್ಲದ ತಿಂಡಿಯನ್ನು ಕೇಳುವುದು ಹೇಗೆ, ಒಬ್ಬಳೇ ಹೆಂಗಸು ಮೇಜಿನ ಮುಂದೆ ಕುಳಿತರೆ ಜನ ಏನೆಂದುಕೊಂಡಾರು ಎಂಬ ಸಂಕೋಚವಲ್ಲದೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಐದನೆಯ ದಿನ ಅಲ್ಲಿನ ವ್ಯಾಪಾರಿಯ ಗುಮಾಸ್ತೆಯೊಬ್ಬಳು ನನ್ನನ್ನು ಮ್ಯಾಕ್ಸ್‌ವೆಲ್ ಫುಡ್ ಸೆಂಟರಿಗೆ ಕರೆದೊಯ್ದು ಹೈನಾನೀಸ್ ಚಿಕನ್ ರೈಸ್ ಕೊಡಿಸಿದಳು. ಬಿಳಿಚಿಕೊಂಡ ಕೋಳಿಮಾಂಸದ ಹೋಳುಗಳು, ಪಕ್ಕದಲ್ಲಿ ಒಂದಿಷ್ಟು ಅನ್ನ. ನೋಡುವುದಕ್ಕೆ ಥೇಟು ಜ್ವರ ಬಂದವರ ಪಥ್ಯ. ಕೋಳಿಯ ಕೊಬ್ಬಿನಲ್ಲಿ ಶುಂಠಿ ಬೆಳ್ಳುಳ್ಳಿಯೊಂದಿಗೆ ಅಕ್ಕಿಯನ್ನು ಬಾಡಿಸಿ, ಕೋಳಿ ಬೆಂದ ನೀರಿನಲ್ಲೇ ಬೇಯಿಸಿದ ಆ ಅನ್ನದ ಮೊದಲ ತುತ್ತಿಗೇ ನಾಲ್ಕು ರಾತ್ರಿಗಳನ್ನು ಹಾಳುಮಾಡಿಕೊಂಡೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂದಿತ್ತು.

ಆ ಅನ್ನದಲ್ಲಿ ಇನ್ನೊಂದು ಪರಿಮಳವಿತ್ತು. ಅದು ಪಾಂಡನ್ ಎಲೆಯದು. ಅಷ್ಟಮಿಗೆ ನಾವು ಮೂಡೆ ಕಟ್ಟುವ ಮುಂಡೇವಿನ ಕುಲಕ್ಕೇ ಸೇರಿದ ಗಿಡ. ತೆಂಗಿನಹಾಲು, ಮೊಟ್ಟೆ, ಸಕ್ಕರೆಗಳನ್ನು ಕಾಯಿಸಿ ಮಾಡುವ 'ಕಾಯಾ'ಕ್ಕೂ ಇದೇ ಎಲೆಯನ್ನು ಹಾಕುತ್ತಾರೆ. ಬೆಳಿಗ್ಗೆ ಸುಟ್ಟ ಬ್ರೆಡ್ಡಿಗೆ ಕಾಯಾ ಸವರಿಸಿಕೊಂಡು, ಬಟ್ಟೆಯ ಚೀಲದಲ್ಲಿ ಸೋಸಿದ ಕಾಪಿಯೊಂದಿಗೆ ತಿನ್ನು. ಹಾಲಿಲ್ಲದ್ದು ಬೇಕಾದರೆ 'ಕೋಪಿ ಓ' ಎನ್ನಬೇಕು, ಸಕ್ಕರೆ ಬೇಡವಾದರೆ ಜೊತೆಗೆ 'ಕೊಸಾಂಗ್' ಎಂದು ಸೇರಿಸಬೇಕು.

ಪೆನಾಂಗಿನಲ್ಲಿ ಮಾತ್ರ ಅಸಾಮ್ ಲಕ್ಸಾ ಎಂಬ ಸಾರು ಶ್ಯಾವಿಗೆಯನ್ನು ತಪ್ಪಿಸಿಕೊಳ್ಳಬೇಡ. ಸಿಂಗಾಪುರದ ಲಕ್ಸಾ ತೆಂಗಿನಹಾಲಿನದು, ಇದು ಹುಳಿಯದು. ನಮ್ಮ ಬಂಗುಡೆಯ ಜಾತಿಯ ಮೀನನ್ನೇ ಬೇಯಿಸಿ, ಮುಳ್ಳು ಬಿಡಿಸಿ, ಹುಣಸೆಯ ಜೊತೆಗೆ ಅಸಾಮ್ ಎಂಬ ಹುಳಿಹಣ್ಣಿನ ಒಣಗಿಸಿದ ಹೋಳುಗಳನ್ನು ಹಾಕಿ ಕುದಿಸಿದ ಸಾರನ್ನು ದಪ್ಪ ಅಕ್ಕಿ ಶ್ಯಾವಿಗೆಯ ಮೇಲೆ ಹೊಯ್ದು, ಪುದೀನ, ಅನಾನಸು, ಸೌತೆಕಾಯಿಗಳನ್ನು ಉದುರಿಸಿ ಕೊಡುತ್ತಾರೆ. ಆ ಹೋಳುಗಳು ಪುನರ್ಪುಳಿಯ ಹತ್ತಿರದ ಸಂಬಂಧಿ. ಪುಳಿಮುಂಚಿಯನ್ನು ತೆಳ್ಳಗೆ ಮಾಡಿ ಒತ್ತುಶ್ಯಾವಿಗೆಗೆ ಸುರಿದರೆ ಹೇಗಿದ್ದೀತು ಎಂದು ಊಹಿಸಿಕೋ. ಊರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಮಾಡಿದರೆ ಅಜ್ಜಿ ಬಿಡುವುದೂ ಇಲ್ಲ.

ನಿನ್ನ ಜೊತೆ ಬರುವ ಉಡುಪಿಯ ಸಹೋದ್ಯೋಗಿ ಸಸ್ಯಾಹಾರಿ ಎಂದಿದ್ದೆಯಲ್ಲ, ಅವರಿಗೆ ಒಂದು ಮಾತು ಹೇಳು. ಸಂಬಾಲ್ ಎಂಬ ಮೆಣಸಿನ ಚಟ್ನಿ ಹಾಕಿ ಹುರಿದ ಸೊಪ್ಪು ನೋಡುವುದಕ್ಕೆ ಬರೀ ಸೊಪ್ಪೇ, ಆದರೆ ಆ ಸಂಬಾಲಿನಲ್ಲಿ ಹೆಚ್ಚಾಗಿ 'ಬೆಲಾಚನ್' ಎಂಬ ಸಿಗಡಿಯ ಮುದ್ದೆ ಇರುತ್ತದೆ. ಹಿಂದೊಮ್ಮೆ ನನ್ನ ಜೊತೆಗಿದ್ದವರೊಬ್ಬರು ಅದನ್ನು ಎರಡು ತಟ್ಟೆ ತಿಂದು ಮುಗಿಸಿದ ಮೇಲೆ ವಿಚಾರಿಸಿದರು. ಆ ಸಂಜೆ ಅವರು ಯಾರೊಂದಿಗೂ ಮಾತನಾಡಲಿಲ್ಲ. ಆದ್ದರಿಂದ ಕೇಳುವುದಿದ್ದರೆ ಮೊದಲೇ ಕೇಳಿಕೊಳ್ಳಬೇಕು.

ಕಂಪೆನಿಯವರು ದೊಡ್ಡ ರೆಸ್ಟೋರೆಂಟಿಗೆ ಕರೆದೊಯ್ದರೆ ಸಂತೋಷವಾಗಿ ಹೋಗು. ತಿರುಗುವ ಮೇಜಿನ ಮೇಲೆ ಬಂದದ್ದನ್ನು ಸ್ವಲ್ಪ ಸ್ವಲ್ಪವೇ ಬಡಿಸಿಕೊಂಡರೆ ಸಾಕು. ಅಲ್ಲಿ ಮಾತೇ ಮುಖ್ಯ, ಊಟ ನೆಪ. ನನ್ನ ಮಟ್ಟಿಗೆ ನಿಜವಾದ ಊಟ ಸಣ್ಣ ಅಂಗಡಿಗಳು ಒಂದೇ ಸೂರಿನಡಿ ಸೇರಿರುವ, ಮ್ಯಾಕ್ಸ್‌ವೆಲ್‌ನಂಥ ಹಾಕರ್ ಸೆಂಟರಿನದು, ಏಕೆಂದರೆ ಒಂದು ಅಂಗಡಿಯವರು ವರ್ಷಗಟ್ಟಲೆ ಒಂದೆರಡೇ ಬಗೆಯನ್ನು ಮಾಡಿ ಮಾಡಿ ಕೈಪಳಗಿಸಿಕೊಂಡಿರುತ್ತಾರೆ. ಬೀದಿಬದಿಯಲ್ಲಿ ಮಾರುತ್ತಿದ್ದವರನ್ನು ಸಿಂಗಾಪುರದ ಸರಕಾರ 1970 ಮತ್ತು 80ರ ದಶಕಗಳಲ್ಲಿ ನೀರು, ಚರಂಡಿಗಳಿರುವ ಇಂಥ ಕಟ್ಟಡಗಳಿಗೆ ಸೇರಿಸಿತು. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ನಮ್ಮ ಮೀನೂಟದ ಹೋಟೆಲುಗಳಿಗೂ ಯಾರಾದರೂ ಅಂಥ ಗೌರವ ಕೊಡಬೇಕಿತ್ತೆಂದು ನನಗೆ ಆಗಾಗ ಅನ್ನಿಸುತ್ತದೆ.

ಒಬ್ಬಳೇ ಹೋದಾಗ ಮೇಜಿನ ಮೇಲೆ ಟಿಶ್ಯೂ ಪೇಪರಿನ ಪೊಟ್ಟಣವೊಂದನ್ನು ಇಟ್ಟು ಸಾಲಿಗೆ ನಿಲ್ಲು; ಜಾಗ ಹಿಡಿಯುವ ಆ ಊರಿನ ಪದ್ಧತಿ ಅದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆದು ಬೆಳೆದ ನಿನಗೆ ಹೆಚ್ಚು ವಿವರಿಸಬೇಕಾಗಿಲ್ಲ. ಊಟವಾದ ಮೇಲೆ ತಟ್ಟೆಯನ್ನು ನೀನೇ ಒಯ್ದಿಡಬೇಕು, 2021ರಿಂದ ಅದು ಅಲ್ಲಿ ಕಡ್ಡಾಯ. ಎದುರಿಗೆ ಅಪರಿಚಿತರು ಬಂದು ಕುಳಿತರೆ ಗಾಬರಿಪಡಬೇಡ, ಅವರ ತಟ್ಟೆಯಲ್ಲಿರುವುದು ಚೆನ್ನಾಗಿ ಕಂಡರೆ ಯಾವ ಅಂಗಡಿಯದೆಂದು ಕೇಳು. ನಾನು ತಿಂದ ಒಳ್ಳೆಯ ಊಟಗಳಲ್ಲಿ ಅರ್ಧದಷ್ಟು ಹೀಗೆ ಕೇಳಿಯೇ ಸಿಕ್ಕಿದವು.

ಬರುವಾಗ ಪೆನಾಂಗಿನ ಮಾರುಕಟ್ಟೆಯಲ್ಲಿ ಒಣಗಿಸಿದ ಅಸಾಮ್ ಹೋಳುಗಳ ಪೊಟ್ಟಣವೊಂದನ್ನು ತಾ. ಭಾನುವಾರದ ಬಂಗುಡೆ ಸಾರಿಗೆ ಅಜ್ಜಿಗೆ ಹೇಳದೆ ಹಾಕಿ ನೋಡೋಣ.

ಇಂತು,
ನಿನ್ನ ಅಮ್ಮ