ಪಿಟೀಲು ಅಡುಗೆಮನೆಗೆ ಬಂದಾಗ

ಪ್ರಿಯ ಓದುಗರೇ,

ಕಳೆದ ಸಂಚಿಕೆಯವರೆಗೂ ಇಂಗ್ಲೆಂಡಿನ ನಮ್ಮ ಬಳಗದ ಸುದ್ದಿಪತ್ರದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇರುತ್ತಿತ್ತು. ಯಾವ ಮಗು ಸಂಗೀತ ಪರೀಕ್ಷೆಯ ಯಾವ ಗ್ರೇಡ್ ಪಾಸಾಯಿತು, ಯಾರಿಗೆ ಮೆರಿಟ್, ಯಾರಿಗೆ ಡಿಸ್ಟಿಂಕ್ಷನ್ ಅಂತ. ಈ ಸಲ ಆ ಪಟ್ಟಿ ಇಲ್ಲ. ಹೆಸರು ಕಳಿಸಿದ ಅಪ್ಪ ಅಮ್ಮಂದಿರು ಹುಡುಕಬಹುದು. ಮರೆತದ್ದಲ್ಲ, ನಾನೇ ತೆಗೆದೆ. ಯಾಕೆ ಅಂತ ಹೇಳಬೇಕಾದವಳೂ ನಾನೇ.

ನನ್ನ ಮಗಳು ಇಯರ್ ಫೋರ್‌ನಲ್ಲಿದ್ದಾಗ, ಅಂದರೆ ಎಂಟು-ಒಂಬತ್ತು ವರ್ಷಕ್ಕೆ, ಶಾಲೆಯಲ್ಲಿ ಪಿಟೀಲು ಶುರು ಮಾಡಿದಳು. ವಾರಕ್ಕೆ ಅರ್ಧ ಗಂಟೆ ಪಾಠ. ಒಂದನೇ ಗ್ರೇಡ್ ಚೆನ್ನಾಗೇ ಆಯಿತು. ಆಗ ನನ್ನ ಆಸೆ ಹೆಚ್ಚಾಯಿತು. ಎರಡನೇ ಗ್ರೇಡ್ ಬೇಡ, ನೇರ ಮೂರಕ್ಕೆ ಕೂರಿಸಿ ಅಂತ ಟೀಚರ್ ಹತ್ತಿರ ನಾನೇ ಹೇಳಿದೆ. ದಿನಾ ಸಂಜೆ "ಹೋಗು, ಪ್ರಾಕ್ಟೀಸ್ ಮಾಡು" ಅಂತ ಮೇಲಿನ ರೂಮಿಗೆ ಕಳಿಸುತ್ತಿದ್ದೆ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಕೆಳಗೆ ಸಾರಿಗೆ ಒಗ್ಗರಣೆ ಹಾಕುತ್ತಾ, ಮೇಲಿಂದ ಸದ್ದು ಬರ್ತಾ ಇದೆ ಅಲ್ವಾ, ಸಾಕು ಅಂದುಕೊಳ್ಳುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಟೈಮರ್ ಹೊಡೆದ ತಕ್ಷಣ ಸದ್ದು ನಿಲ್ಲುತ್ತಿತ್ತು.

150ಕ್ಕೆ 98 ಬಂತು. ಪಾಸಾಗಲು 100 ಬೇಕು.

ಅವಳು ಅಳಲಿಲ್ಲ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದಳು. ಎರಡು ತಿಂಗಳು ಅದು ಅಲ್ಲೇ ಇತ್ತು. ರೂಮು ಗುಡಿಸಲು ಹೋದಾಗಲೆಲ್ಲ ಆ ಕಪ್ಪು ಪೆಟ್ಟಿಗೆ ಪೊರಕೆಗೆ ತಗಲುತ್ತಿತ್ತು. ಆಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ.

ಆ ದಿನಗಳಲ್ಲಿ ಮೈಸೂರಿನ ನಮ್ಮ ಮನೆ ತುಂಬಾ ನೆನಪಾಯಿತು. ನಮ್ಮಕ್ಕ ಸಂಗೀತ ಕಲಿತದ್ದು ನಡುಮನೆಯಲ್ಲಿ. ಬೇರೆ ರೂಮೇ ಇರಲಿಲ್ಲ. ಬೆಳಿಗ್ಗೆ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಶುರು ಮಾಡುತ್ತಿದ್ದಳು. ಪಕ್ಕದಲ್ಲೇ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅಪ್ಪ ಪೇಪರ್ ಓದುತ್ತಿದ್ದರು. ನಾನು ಜಡೆ ಹಾಕಿಸಿಕೊಳ್ಳುತ್ತಾ ಅಮ್ಮನ ಮುಂದೆ ಕೂತಿರುತ್ತಿದ್ದೆ. ಅಜ್ಜಿ ಸಂಗೀತ ಕಲಿತವರಲ್ಲ. ಆದರೂ ಅಕ್ಕ ಮೂರನೇ ಕಾಲಕ್ಕೆ, ಅಂದರೆ ಎಲ್ಲಕ್ಕಿಂತ ವೇಗದ ಸುತ್ತಿಗೆ ಬಂದಾಗ, ಮೊರದಿಂದ ಕಣ್ಣೆತ್ತದೆ, "ಓಡ್ತಿದೀಯ ಕಣೇ, ಇನ್ನೊಂದ್ಸಲ ಹೇಳು" ಅನ್ನುತ್ತಿದ್ದರು. ಮಲಹರಿಯ ಗೀತೆಗಳು ಪಾಠಕ್ಕೇ ಹೋಗದ ನನಗೂ ಬಾಯಿಗೆ ಬಂದವು. ಅಕ್ಕ ಜೂನಿಯರ್ ಪರೀಕ್ಷೆಗೆ ಕೂತ ವರ್ಷ ಅವಳ ಪಾಠ ಮನೆಮಂದಿಗೆಲ್ಲ ಗೊತ್ತಿತ್ತು. ಯಾವ ಸಾಲಲ್ಲಿ ತಡವರಿಸುತ್ತಾಳೆ ಅಂತಲೂ ಗೊತ್ತಿತ್ತು.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮಕ್ಕಳಿಗೆ ಸ್ವಂತ ರೂಮು ಕೊಟ್ಟಿದ್ದೇವೆ. ಒಳ್ಳೆಯದೇ. ಆದರೆ ಸಂಗೀತವನ್ನೂ ಆ ರೂಮಿನೊಳಗೆ ಹಾಕಿ ಬಾಗಿಲು ಮುಚ್ಚಿಬಿಟ್ಟಿದ್ದೇವೆ. ತನ್ನ ತಪ್ಪನ್ನು ತಾನೇ ಕೇಳಿಸಿಕೊಂಡು, ಅದನ್ನು ಹಿಡಿದು, ತಿದ್ದಿಕೊಳ್ಳುವುದು ಒಂದು ವಿದ್ಯೆ. ಒಂಬತ್ತು ವರ್ಷದ ಮಗುವಿಗೆ ಅದು ಹುಟ್ಟಿನಿಂದ ಬಂದಿರುವುದಿಲ್ಲ. ವಾರದ ಅರ್ಧ ಗಂಟೆಯಲ್ಲಿ ಟೀಚರ್ ಎಷ್ಟು ಅಂತ ಕಲಿಸಿಯಾರು? ಉಳಿದ ಆರು ದಿನ ಮನೆಯದ್ದು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಮಗಳ ಮ್ಯೂಸಿಕ್ ಸ್ಟ್ಯಾಂಡನ್ನು ಅಡುಗೆಮನೆಗೆ ತಂದು ಫ್ರಿಜ್ ಪಕ್ಕ ನಿಲ್ಲಿಸಿದೆ. ಪರೀಕ್ಷೆ ಇಲ್ಲ, ಸುಮ್ನೆ ಏನಾದ್ರೂ ನುಡಿಸು, ನಾನು ಚಪಾತಿ ಲಟ್ಟಿಸ್ತಿರ್ತೀನಿ ಅಂದೆ. ನನಗೆ ಇಲ್ಲಿನ ನೊಟೇಶನ್ ಓದಲು ಬರುವುದಿಲ್ಲ. ಕೇಳಲು ಕಿವಿ ಇತ್ತು, ಅಷ್ಟೇ. ಮೊದಲ ದಿನವೇ ಗೊತ್ತಾಯಿತು. ಅವಳು ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತಾಳೆ, ನಡುವೆ ಒಂದೇ ಜಾಗದಲ್ಲಿ ಎಡವುತ್ತಾಳೆ, ಮತ್ತೆ ಮೊದಲಿಗೆ ಹೋಗುತ್ತಾಳೆ. ಮೊದಲ ಸಾಲು ನೂರು ಸಲ ನುಡಿಸಿದ್ದಳು. ಕೊನೆಯ ಸಾಲು ಹತ್ತು ಸಲವೂ ಇಲ್ಲ. ಅಷ್ಟು ತಿಂಗಳು ನಾನು ಕೆಳಗಿನಿಂದ ಕೇಳಿ ತೃಪ್ತಿಪಟ್ಟ ಸದ್ದು ಅದು.

"ಕಷ್ಟದ ಜಾಗ ಯಾವುದು, ಬೆರಳಿಟ್ಟು ತೋರಿಸು" ಅಂದೆ. ತೋರಿಸಿದಳು. ಅವಳಿಗೆ ಗೊತ್ತಿತ್ತು! ಯಾರೂ ಕೇಳಿರಲಿಲ್ಲ, ಅಷ್ಟೇ. ಅಷ್ಟನ್ನೇ ನುಡಿಸು ಅಂದೆ. ಕಟ್ಟೆಯ ಮೇಲೆ ಐದು ಕಡಲೆಕಾಳು ಇಟ್ಟೆ. ಸರಿಯಾಗಿ ಬಂದಾಗ ಒಂದು ಕಾಳು ಎಡದಿಂದ ಬಲಕ್ಕೆ. ತಪ್ಪಿದರೆ ಎಲ್ಲ ಕಾಳೂ ವಾಪಸ್ ಅನ್ನುವ ನಿಯಮ ಕೆಲವರು ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಐದನೇ ಕಾಳಿಗೆ ಬರುವಷ್ಟರಲ್ಲಿ ಮಗುವಿನ ಕೈ ಹೆದರಿಕೆಯಿಂದ ಬಿಗಿಯಾಗಿರುತ್ತದೆ. ಪಿಟೀಲಿಗೆ ಬಿಗಿ ಕೈ ಆಗುವುದಿಲ್ಲ. ತಪ್ಪಿದರೆ ಕಾಳು ಇದ್ದಲ್ಲೇ ಇರಲಿ, ಇನ್ನೊಂದ್ಸಲ ನುಡಿಸಲಿ. ವೇಗದ ವಿಷಯಕ್ಕೆ ಅಕ್ಕನ ಮೂರು ಕಾಲ ನೆನಪಿಗೆ ಬಂತು. ಮೊದಲು ಒಂದನೇ ಕಾಲದ ಹಾಗೆ ನಿಧಾನ. ಅದು ಹಿಡಿತಕ್ಕೆ ಬಂದ ಮೇಲೆ ಅದರ ದುಪ್ಪಟ್ಟು. ಪಿಟೀಲು ಪಾಶ್ಚಾತ್ಯವಾದರೂ ಬೆರಳು ಕಲಿಯುವ ರೀತಿ ಒಂದೇ.

ಟೀಚರ್‌ಗೆ ಹೇಳಿದಾಗ ಅವರು ಹಳೆಯ ಮಾರ್ಕ್ಸ್ ಹಾಳೆಯನ್ನು ಮತ್ತೆ ತೆಗೆದು ತೋರಿಸಿದರು. ಹೊಸದಾಗಿ ಬಂದವರಿಗೆ ಉಪಯೋಗವಾಗಲಿ ಅಂತ ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಇಲ್ಲಿ ಮಕ್ಕಳು ಜಾಸ್ತಿ ಕೂರುವುದು ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಪರೀಕ್ಷೆಗಳಿಗೆ. ಎಬಿಆರ್‌ಎಸ್‌ಎಂ 1889ರಲ್ಲಿ ಶುರುವಾದ ಸಂಸ್ಥೆ. ಅದರ ಪ್ರಾಕ್ಟಿಕಲ್ ಗ್ರೇಡ್‌ನಲ್ಲಿ ಮೂರು ಪೀಸ್‌ಗಳಿಗೆ 30ರಂತೆ 90, ಸ್ಕೇಲ್ಸ್‌ಗೆ (ನಮ್ಮ ಆರೋಹಣ ಅವರೋಹಣದ ಹಾಗೆ) 21, ನೋಡಿದ ಕೂಡಲೇ ಓದಿ ನುಡಿಸುವುದಕ್ಕೆ 21, ಕಿವಿಯ ಪರೀಕ್ಷೆಗೆ 18. ಒಟ್ಟು 150. ಮೆರಿಟ್‌ಗೆ 120, ಡಿಸ್ಟಿಂಕ್ಷನ್‌ಗೆ 130. ಒಂದು ಭಾಗದಲ್ಲಿ ಕಡಿಮೆಯಾದರೂ ಒಟ್ಟು 100 ಬಂದರೆ ಪಾಸು. ಪರೀಕ್ಷಕರು ಸೊನ್ನೆಯಿಂದ ಎಣಿಸುತ್ತಾ ಹೋಗುವುದಿಲ್ಲ. ಪೀಸ್‌ಗೆ ಪಾಸಿನ ಅಂಕ 20. ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಹೋಗುತ್ತಾರೆ.

ನನ್ನ ಮಗಳ ಪೀಸ್‌ಗಳು 20, 19, 20. ಸ್ಕೇಲ್ಸ್ 13, ಓದಿ ನುಡಿಸುವುದು 12. ಕಿವಿಯ ಪರೀಕ್ಷೆ ಮಾತ್ರ 14. ಅದರ ಪಾಸಿನ ಅಂಕ 12. "ಇದು ಎಲ್ಲಿಂದ ಬಂತು?" ಅಂತ ಟೀಚರ್ ಕೇಳಿದರು. ನಾನು ಆ 14ನ್ನು ಕಂಡೇ ಇರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು 98 ಒಂದೇ.

ಅದು ಬಂದದ್ದು ಶನಿವಾರದ ಕರ್ನಾಟಕ ಸಂಗೀತದ ಕ್ಲಾಸಿನಿಂದ. ಕಿವಿಯ ಪರೀಕ್ಷೆಯಲ್ಲಿ ಏನು ಮಾಡಿಸುತ್ತಾರೆ ನೋಡಿ. ಒಂದನೇ ಗ್ರೇಡ್‌ನಲ್ಲಿ ಪರೀಕ್ಷಕರು ಪಿಯಾನೊ ನುಡಿಸಿದರೆ ಮಗು ಅದರ ಲಯಕ್ಕೆ ತಟ್ಟಬೇಕು, ಎರಡರ ಲೆಕ್ಕವೋ ಮೂರರದ್ದೋ ಹೇಳಬೇಕು. ಚಿಕ್ಕ ಚಿಕ್ಕ ಸ್ವರದ ಸಾಲು ಕೇಳಿ ಹಾಗೇ ಹಾಡಿ ತೋರಿಸಬೇಕು. ಎರಡು ಸಲ ನುಡಿಸಿದಾಗ ಎಲ್ಲಿ ಸ್ವರ ಬದಲಾಯಿತು ಅಂತ ಗುರುತಿಸಬೇಕು. ಗುರುಗಳು ಹೇಳಿದ್ದನ್ನು ಕೇಳಿ, ತೊಡೆಯ ಮೇಲೆ ತಾಳ ಹಾಕುತ್ತಾ ತಿರುಗಿ ಹೇಳುವ ಮಗು ಪ್ರತಿ ವಾರ ಮಾಡುವುದೂ ಇದನ್ನೇ ಅಲ್ವಾ? ಇಷ್ಟಾದರೂ ಪರೀಕ್ಷೆ ಹತ್ತಿರ ಬಂದ ಕೂಡಲೇ ನಮ್ಮಲ್ಲಿ ಹಲವರು ಮೊದಲು ಬಿಡಿಸುವುದು ಶನಿವಾರದ ಕ್ಲಾಸನ್ನೇ. ಅದಕ್ಕೆ ಸರ್ಟಿಫಿಕೇಟ್ ಇಲ್ಲ ಅಂತ. ದಯವಿಟ್ಟು ಹಾಗೆ ಮಾಡಬೇಡಿ.

ಎರಡೂ ಕಲಿತರೆ ಮಗುವಿಗೆ ಗೊಂದಲ ಆಗಲ್ವಾ ಅಂತ ಕೇಳುವವರಿದ್ದಾರೆ. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಒಳ್ಳೆಯ ಪಿಯಾನೊ ವಾದಕರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಬಂತು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ರೆಕಾರ್ಡ್ ಆಗಲು ಹಣ ಕೊಟ್ಟವರು ಅವರೇ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ನಮ್ಮ ಮಕ್ಕಳು ಮಹಾರಾಜರಷ್ಟು ಕಲಿಯಬೇಕು ಅಂತ ನಾನು ಹೇಳುತ್ತಿಲ್ಲ. ಎರಡು ಸಂಗೀತ ಒಂದೇ ಮನೆಯಲ್ಲಿ ಇರಬಹುದು, ನಮ್ಮ ನಾಡಿನಲ್ಲೇ ಇದ್ದವು.

ಪಿಟೀಲನ್ನೇ ಎರಡೂ ಪದ್ಧತಿಯಲ್ಲಿ ಕಲಿಯುವ ಮಕ್ಕಳಿಗೆ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಇಲ್ಲಿನ ಪಾಠದಲ್ಲಿ ನಿಂತು ನುಡಿಸುತ್ತಾರೆ, ತಂತಿಗಳು ಜಿ, ಡಿ, ಎ, ಇ. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲಿಟ್ಟು ನುಡಿಸುತ್ತೇವೆ, ಶ್ರುತಿ ಸ-ಪ-ಸ-ಪ. ದಿನಾ ಬಿರಡೆ ತಿರುಗಿಸಿ ಶ್ರುತಿ ಬದಲಿಸಿದರೆ ತಂತಿ ಬೇಗ ಹೋಗುತ್ತದೆ. ಸಾಧ್ಯವಾದರೆ ಎರಡು ಪಿಟೀಲು ಇರಲಿ. ಶಾಲೆಯ ಟೀಚರ್‌ಗೂ ಒಂದು ಮಾತು ತಿಳಿಸಿ. ಮಗು ಬೆರಳು ಜಾರಿಸಿದರೆ ಅದು ಗಮಕದ ಅಭ್ಯಾಸ, ಉದಾಸೀನವಲ್ಲ ಅಂತ ಅವರಿಗೂ ಗೊತ್ತಾಗಲಿ. (ಮೈಸೂರಿನ ಚೌಡಯ್ಯನವರು ಮೇಲಿನ ಮೂರು ತಂತಿಗಳನ್ನು ಜೋಡಿ ಮಾಡಿ ಏಳು ತಂತಿಯ ಪಿಟೀಲು ನುಡಿಸಿದರು. ದೊಡ್ಡ ಸಭೆಗೆ ಕೇಳಿಸಲಿ ಅಂತ. ಇದನ್ನು ನನ್ನ ಮಗಳು ಶಾಲೆಯಲ್ಲಿ ಹೇಳಿದ ದಿನ ಅವಳ ಆರ್ಕೆಸ್ಟ್ರಾದ ಮಕ್ಕಳೆಲ್ಲ ಬಾಯಿಬಿಟ್ಟು ಕೇಳಿದರಂತೆ.)

ಕೊಳ್ಳುವವರಿಗೆ ಎರಡು ಮಾತು. ಬೆಳೆದ ಮೇಲೆ ಆಗುತ್ತೆ ಅಂತ ಸ್ವೆಟರ್ ದೊಡ್ಡದು ತರುತ್ತೇವೆ. ಪಿಟೀಲನ್ನು ಹಾಗೆ ತರಬೇಡಿ, ಭುಜ ನೋಯುತ್ತದೆ. ಕಾಲು, ಅರ್ಧ, ಮುಕ್ಕಾಲು ಅಂತ ಅಳತೆಗಳಿವೆ, ಟೀಚರ್ ಅಳೆದು ಹೇಳುತ್ತಾರೆ. ನಿಮ್ಮ ಕಡೆಯ ಮ್ಯೂಸಿಕ್ ಹಬ್‌ನಲ್ಲಿ (ಮಕ್ಕಳ ಸಂಗೀತ ಕಲಿಕೆಗೆ ನೆರವಾಗುವ ಸ್ಥಳೀಯ ಸಂಸ್ಥೆ) ವಾದ್ಯ ಬಾಡಿಗೆಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಸರ್ಕಾರಿ ಶಾಲೆಯಲ್ಲಿ ವಾದ್ಯ ಕಲಿಯುವ ಮಗುವಿಗೆ ಶಾಲೆಯ ಮೂಲಕ ಕೊಂಡರೆ ವ್ಯಾಟ್ ಇಲ್ಲದೆ ಸಿಗುವ ಯೋಜನೆ ಇದೆ. ಶಾಲೆಯ ಆಫೀಸಿನಲ್ಲಿ ಕೇಳಿ, ಅವರಾಗಿ ಹೇಳುವುದು ಕಡಿಮೆ. ನಮ್ಮ ಬಳಗದವರ ಅಟ್ಟದಲ್ಲಿ ಎಷ್ಟೋ ಚಿಕ್ಕ ಪಿಟೀಲುಗಳು ಮಲಗಿವೆ ಅಂತ ನನಗೆ ಗೊತ್ತು. ಅವನ್ನು ಕೆಳಗಿಳಿಸಿ. ಬೇಕಾದ ಮಗುವಿಗೆ ತಲುಪಿಸುವ ಕೆಲಸ ಸಮಿತಿಯದ್ದು.

ಪರೀಕ್ಷೆಯನ್ನು ನಾನು ಬೇಡ ಅನ್ನುವವಳಲ್ಲ. ಒಂದು ದಿನ ಅಂತ ಗೊತ್ತಾದರೆ ಅಭ್ಯಾಸಕ್ಕೆ ಒಂದು ಹದ ಬರುತ್ತದೆ. ಆರನೇ ಗ್ರೇಡಿನಿಂದ ಮೇಲೆ ಯೂನಿವರ್ಸಿಟಿ ಅರ್ಜಿಗೆ ಯೂಕಾಸ್ ಪಾಯಿಂಟ್ ಕೂಡ ಸಿಗುತ್ತದೆ. ಎಬಿಆರ್‌ಎಸ್‌ಎಂನಲ್ಲಿ ಆರಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಐದನೇ ಗ್ರೇಡಿನ ಥಿಯರಿ ಮುಗಿದಿರಬೇಕು. ಇದು ಎಷ್ಟೋ ಮನೆಗಳಲ್ಲಿ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ಅಪರಿಚಿತರ ಮುಂದೆ ಕೈ ನಡುಗುವ ಮಗುವಿಗೆ 2020ರಲ್ಲಿ ಬಂದ ಪರ್ಫಾರ್ಮೆನ್ಸ್ ಗ್ರೇಡ್ ಇದೆ. ನಾಲ್ಕು ಪೀಸ್ ನುಡಿಸಿ ವಿಡಿಯೊ ಕಳಿಸಿದರೆ ಆಯಿತು. ಆದರೆ ಅದರಲ್ಲಿ ಕಿವಿಯ ಪರೀಕ್ಷೆ ಇಲ್ಲ. ನಮ್ಮ ಮಕ್ಕಳ ಬಲ ಇರುವ ಜಾಗವೇ ಅದು, ಹಾಗಾಗಿ ನನ್ನ ಒಲವು ಹಳೆಯ ಪದ್ಧತಿಯ ಕಡೆಗೆ.

ಪರೀಕ್ಷೆಯ ದಿನ ನಾವು ಒಳಗೆ ಹೋಗುವ ಹಾಗಿಲ್ಲ. ಪಿಟೀಲಿಗೆ ಪಿಯಾನೊ ಜೊತೆ ಕೊಡುವವರನ್ನು ನಾವೇ ಗೊತ್ತು ಮಾಡಬೇಕು. ಅವರ ಜೊತೆ ಒಂದು ಸಲವಾದರೂ ಮೊದಲೇ ನುಡಿಸಿರಲಿ. ಮಗುವಿಗೆ ಒಂದು ವಿಷಯ ಮುಂಚೆಯೇ ಹೇಳಿಡಿ. ಪರೀಕ್ಷಕರು ಬರೆಯುತ್ತಲೇ ಇರುತ್ತಾರೆ. ಅವರು ಬರೆಯುವುದು ಬರೀ ತಪ್ಪಲ್ಲ. ಚೆನ್ನಾಗಿದೆ ಅಂತಲೂ ಬರೆಯಬೇಕಲ್ಲ? ನನ್ನ ಮಗಳು ಆ ಪೆನ್ನಿನ ಸದ್ದಿಗೇ ಹೆದರಿದ್ದಳು ಅಂತ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ, ಅಡುಗೆಮನೆಯಲ್ಲಿ.

ಒಂದು ವರ್ಷದ ಮೇಲೆ ಅವಳೇ ಕೇಳಿ ಮತ್ತೆ ಮೂರನೇ ಗ್ರೇಡ್‌ಗೆ ಕೂತಳು. ಪಾಸಾದಳು. ಎಷ್ಟು ಬಂತು ಅಂತ ಬರೆಯುವುದಿಲ್ಲ. ಆ ಪಟ್ಟಿ ತೆಗೆದದ್ದೂ ಅದಕ್ಕೇ. ಮೊದಲ ಸಲದ 98 ಬಂದ ತಿಂಗಳು ನಮ್ಮ ಸುದ್ದಿಪತ್ರ ಮನೆಗೆ ಬಂದಿತ್ತು. ಅವಳು ಕೊನೆಯ ಪುಟವನ್ನು ನಿಧಾನವಾಗಿ ಓದಿ, ಮಡಚಿ, ಏನೂ ಹೇಳದೆ ಮೇಲೆ ಹೋದದ್ದನ್ನು ನಾನು ನೋಡಿದ್ದೇನೆ. ಆ ಪುಟ ಮಾಡಿದವಳು ನಾನೇ.

ಈ ಸಂಚಿಕೆಯಿಂದ ಅದೇ ಜಾಗದಲ್ಲಿ "ಈಗ ಏನು ನುಡಿಸ್ತಿದೀರಿ?" ಅನ್ನುವ ಹೊಸ ಅಂಕಣ ಇದೆ. ಮಕ್ಕಳೇ ಹೇಳಿದ್ದನ್ನು ಹೇಳಿದ ಹಾಗೆ ಹಾಕಿದ್ದೇವೆ. ಒಬ್ಬ ಏಳು ವರ್ಷದವನು ಮೃದಂಗದಲ್ಲಿ ತ ದಿ ತೊಂ ನಂ ನುಡಿಸುತ್ತಿದ್ದಾನೆ, "ತೊಂ ಮಾತ್ರ ಚೆನ್ನಾಗಿ ಬರುತ್ತೆ" ಅಂತೆ. ಇನ್ನೊಬ್ಬಳ ಕ್ಲಾರಿನೆಟ್ ಇನ್ನೂ ಕೀಚ್ ಅನ್ನುತ್ತದಂತೆ, ಅಜ್ಜ ವಿಡಿಯೊ ಕಾಲ್‌ನಲ್ಲಿ ಪೂರ್ತಿ ಕೇಳುತ್ತಾರಂತೆ. ಅಜ್ಜನಿಗೆ ನನ್ನ ನಮಸ್ಕಾರ.

ದೀಪಾವಳಿ ಕಾರ್ಯಕ್ರಮದ ದಿನ ಊಟಕ್ಕೆ ಮೊದಲು ಅರ್ಧ ಗಂಟೆಯನ್ನು ಈ ಮಕ್ಕಳಿಗೆ ಇಟ್ಟಿದ್ದೇವೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಹಾಲ್‌ನ ಪಕ್ಕದ ಚಿಕ್ಕ ಕೋಣೆಯಲ್ಲಿ ಜಮಖಾನ ಹಾಸಿರುತ್ತೇವೆ. ಅರ್ಧ ಕಲಿತ ಪೀಸ್ ಆದರೂ ಆಯಿತು, ಒಂದು ಸ್ಕೇಲ್ ಆದರೂ ಆಯಿತು, ಜಂಟಿ ವರಸೆ ಆದರೂ ಆಯಿತು. ನವೆಂಬರ್‌ನಲ್ಲಿ ಪರೀಕ್ಷೆ ಇರುವ ಮಕ್ಕಳು ಪರೀಕ್ಷೆಯ ಪೀಸ್‌ಗಳನ್ನೇ ತರಲಿ. ದೊಡ್ಡವರು ಫೋನ್ ಬ್ಯಾಗಿನಲ್ಲಿಟ್ಟು ಕೂತು ಕೇಳಿ. ಕೀಬೋರ್ಡ್ ಮತ್ತು ಸ್ಟ್ಯಾಂಡ್ ನಾವು ತರುತ್ತೇವೆ. ಪಿಟೀಲಿನ ಕಮಾನಿಗೆ ಹಚ್ಚುವ ರಾಳ ಮಾತ್ರ ಮರೆಯದೆ ತನ್ನಿ, ಹೋದ ವರ್ಷ ಯಾರ ಹತ್ತಿರವೂ ಇರಲಿಲ್ಲ.

ನಿಮ್ಮ
ಸಂಪಾದಕಿ