ತಂಡದಿಂದಾಚೆ ನಿಂತ ದನಿ

ಜನಪದದ ಮಟ್ಟನ್ನೂ ರಾಕ್ ಸಂಗೀತದ ಗಿಟಾರನ್ನೂ ಕೂಡಿಸಿ ಹಾಡುವ ತಂಡಗಳು ಇಂದು ಕನ್ನಡದಲ್ಲಿ ಹಲವಾರಿವೆ. ಅಂಥ ತಂಡದಲ್ಲಿ ಬೆಳೆದ ಗಾಯಕನೊಬ್ಬ ತನ್ನದೇ ಹೆಸರಿನಲ್ಲಿ ಆಲ್ಬಮ್ ಹೊರತಂದಾಗ ಹಾಡಿಗೆ ಏನು ದಕ್ಕುತ್ತದೆ ಎಂದು ಯೋಚಿಸಲು ಮುಂಬಯಿ ಕನ್ನಡಿಗರಾದ ನಮಗೆ ವಿಶೇಷ ಕಾರಣವಿದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಮನ್ನು 2008ರಲ್ಲಿ ಹೊರತಂದವರು ಇದೇ ನಗರದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್.

ನಾಸಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನೂ ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತ ರಘು ಮೊದಲು ಹಾಡುತ್ತಿದ್ದುದು 'ಅಂತರಾಗ್ನಿ' ತಂಡದಲ್ಲಿ. ಅದು ಚದುರಿದ ಮೇಲೆ ಅವರು ಕಟ್ಟಿಕೊಂಡ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ವಾದಕರು ಬಂದುಹೋಗಬಹುದಾದ, ಆದರೆ ಹಾಡುಗಾರ ಮಾತ್ರ ಬದಲಾಗದ ಒಂದು ಏರ್ಪಾಡು.

ಆ ಆಲ್ಬಮಿನಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷ್ ಹಾಡುಗಳಿವೆ. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವವನೊಬ್ಬನ ಹಾಡೂ ಇದೆ. ಇವುಗಳ ನಡುವೆ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎಂಬ ಶಿಶುನಾಳ ಷರೀಫರ ಎರಡು ತತ್ವಪದಗಳು, ಕನ್ನಡ ಬಾರದ ಕೇಳುಗನಿಗಾಗಿ ಒಂದಕ್ಷರವನ್ನೂ ಸಡಿಲಿಸದೆ, ಧಾರವಾಡದ ಕಡೆಯ 'ಮಾಳಿಗಿ'ಯನ್ನು 'ಮಾಳಿಗೆ'ಯಾಗಿಯೂ ತಿದ್ದದೆ ನಿಂತಿವೆ. ಹಿಂದಿ ಸಿನಿಮಾ ಸಂಗೀತದ ರಾಜಧಾನಿಯಿಂದ ಹೊರಟ ಆಲ್ಬಮೊಂದರಲ್ಲಿ ಇದು ಸಣ್ಣ ಧೈರ್ಯವಲ್ಲ. ನಾಲ್ಕಾರು ಜನರ ತಂಡದಲ್ಲಿ ಪ್ರತಿ ಹಾಡೂ ಎಲ್ಲರ ಒಪ್ಪಿಗೆಯನ್ನು ದಾಟಿ ಬರಬೇಕಾಗುತ್ತದೆ. ಒಬ್ಬನ ಹೆಸರಿನ ಆಲ್ಬಮಿನಲ್ಲಿ ಅವನ ನಾಲಗೆಯ ಮೇಲೆ ಬಾಲ್ಯದಿಂದ ಇರುವ ಭಾಷೆ ಯಾರನ್ನೂ ಕೇಳದೆ ಒಳಗೆ ಬರುತ್ತದೆ. ಮುಂಬಯಿಯ ಚಾಳುಗಳೆಂಬ ವಠಾರಗಳಲ್ಲಿ ಮಳೆಗಾಲ ಕಳೆದ ನಮ್ಮ ಹಿರಿಯರಿಗೆ ಸೋರುವ ಮಾಳಿಗೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಪದವನ್ನು ಅವರ ಮೊಮ್ಮಕ್ಕಳ ಕಿವಿಗೆ ತಲುಪಿಸಿದ್ದು ಈ ಗಿಟಾರು ಎಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು.

ಸಿ. ಅಶ್ವತ್ಥ್ ಅವರ ಕಂಠದಲ್ಲಿ ಷರೀಫರನ್ನು ಕೇಳಿ ಬೆಳೆದವರಿಗೆ ಡ್ರಮ್ಮಿನ ಅಬ್ಬರದಲ್ಲಿ ತತ್ವ ಮುಳುಗಿತೆಂಬ ಆತಂಕವಿದೆ. ಆತಂಕ ಪ್ರಾಮಾಣಿಕವಾದುದೇ. ಆದರೂ ಏಕತಾರಿ, ದಮ್ಮಡಿಗಳ ಭಜನೆಯಲ್ಲಿ ಬಾಳಿದ ಪದಗಳನ್ನು ಅಶ್ವತ್ಥ್ ಅವರು ವೇದಿಕೆಗೂ ಕ್ಯಾಸೆಟ್ಟಿಗೂ ತಂದದ್ದು ತಮ್ಮದೇ ಸ್ವರಸಂಯೋಜನೆಯಿಂದ ಎಂಬುದನ್ನು ಮರೆಯಲಾಗದು. 1889ರಲ್ಲಿ ತೀರಿಕೊಂಡ ಕವಿಯ ಪದ ಇಂದಿಗೂ ಹಾಡಿಸಿಕೊಳ್ಳುತ್ತಿದೆ ಎಂದರೆ ಪ್ರತಿ ತಲೆಮಾರೂ ಅದನ್ನು ತನ್ನ ಲಯಕ್ಕೆ ಕರೆದುಕೊಂಡಿದೆ ಎಂದೇ ಅರ್ಥ. ಷರೀಫರ ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆಯೇ ಎಂಬುದಷ್ಟೇ ನನ್ನ ಮಾನದಂಡ, ಮತ್ತು ಈ ಆಲ್ಬಮಿನಲ್ಲಿ ಅದು ಕೇಳಿಸುತ್ತದೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಅವರದು ಬೇರೆಯೇ ದಾರಿ. 'ಸ್ವರಾತ್ಮ' ತಂಡದ ಮುಖ್ಯ ಗಾಯಕರಾದ ಅವರು ಅದರ ಜೊತೆಗೇ ತಮ್ಮ ಹೆಸರಿನ ಇನ್ನೊಂದು ಕೂಟವನ್ನೂ ಕಟ್ಟಿಕೊಂಡಿದ್ದಾರೆ. ತಂಡದಿಂದಾಚೆ ಹಾಡಲು ತಂಡವನ್ನು ಮುರಿಯಲೇಬೇಕಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ನಮ್ಮ ಕನ್ನಡ ಸಂಘದ ಯುವ ವಿಭಾಗದ ಹಾಡುಗಾರರು ಇದುವರೆಗೆ ಸಂಘದ ವೇದಿಕೆಯಲ್ಲಿ ಗುಂಪಾಗಿ, ಪ್ರಚಲಿತ ಮಟ್ಟುಗಳಲ್ಲೇ ಹಾಡುತ್ತ ಬಂದಿದ್ದಾರೆ. ಮುಂದಿನ ತತ್ವಪದ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ, ತಾವೇ ಕಟ್ಟಿದ ಮಟ್ಟಿನಲ್ಲಿ, ತಮಗೆ ಬೇಕಾದ ವಾದ್ಯದೊಂದಿಗೆ ಹಾಡಲು ಪ್ರತ್ಯೇಕ ವಿಭಾಗವೊಂದನ್ನು ತೆರೆಯಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಸಾಹಿತ್ಯವನ್ನು ಬದಲಿಸಬಾರದು ಎಂಬ ಒಂದು ನಿಯಮ ಅದಕ್ಕೆ ಸಾಕು.