ಜಾರೋ ಮುಂಚೆ ಗೊತ್ತಾಗ್ಬೇಕು

ಈ ಸಲ ಸಂಪಾದಕೀಯದಲ್ಲಿ ಸಂಘದ ವರ್ಷದ ಕೆಲಸಗಳ ಬಗ್ಗೆ ಬರೆಯೋಣ ಅಂತ ಕೂತಿದ್ದೆ, ಆದ್ರೆ ಹೋದ ತಿಂಗಳು ನೋಡಿದ ಒಂದು ಬೀಗದಕೈ ಗೊಂಚಲು ತಲೆಯಿಂದ ಹೋಗ್ತಾನೇ ಇಲ್ಲ. ಅದನ್ನ ಬರೆದೇ ಮುಂದಿನ ಮಾತು.

ನಮ್ಮ ಸಂಘದ ಸದಸ್ಯೆಯೊಬ್ಬರು ರೋಬೋಟ್ ಕೈಗಳ ಮೇಲೆ ಸಂಶೋಧನೆ ಮಾಡ್ತಾರೆ, ಜೊತೆಗೆ ಕಂಪ್ಯೂಟರ್ ಆರ್ಕಿಟೆಕ್ಚರ್, ಅಂದ್ರೆ ಚಿಪ್ ಒಳಗಿನ ವಿನ್ಯಾಸದ ಮೇಲೂ (ಹೆಸರು ಹಾಕ್ಬೇಡಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ). ಒಂದ್ಸಲ ಲ್ಯಾಬ್‌ಗೆ ಬನ್ನಿ ಅಂತ ಕರೆದ್ರು, ಹೋದೆ. ಟೇಬಲ್ ಮೇಲೆ ಒಂದು ಕತ್ತರಿ, ಒಂದು ಗಾಜಿನ ಲೋಟ, ಒಂದು ಬೀಗದಕೈ ಗೊಂಚಲು ಇತ್ತು, ಮೇಲ್ಗಡೆ ಕ್ಯಾಮೆರಾ, ಪಕ್ಕದಲ್ಲಿ ಎರಡು ಬೆರಳಿನ ರೋಬೋಟ್ ತೋಳು. ಕತ್ತರೀನ ಸಲೀಸಾಗಿ ಎತ್ತಿಟ್ಟಿತು. ಲೋಟದ ಹತ್ರ ಬಂದಾಗ ತಡವರಿಸ್ತು, ಯಾಕಂದ್ರೆ ದೂರ ಅಳೆಯೋ ಕ್ಯಾಮೆರಾದ ಬೆಳಕು ಗಾಜಿನೊಳಗೆ ತೂರಿ ಆಚೆ ಹೋಗಿಬಿಡುತ್ತೆ, ಹಿಂದಿರೋ ಟೇಬಲ್ಲೇ ಕಾಣುತ್ತೆ, ರೋಬೋಟ್ ಪಾಲಿಗೆ ಅಲ್ಲಿ ಲೋಟಾನೇ ಇಲ್ಲ. ಕೊನೆಗೆ ಗೊಂಚಲಿನ ಸರದಿ. ರಿಂಗನ್ನ ಸರಿಯಾದ ಜಾಗದಲ್ಲೇ ಹಿಡೀತು, ಎತ್ತಿತು, ಕೆಳಗಿದ್ದ ಒಂದು ಕೀ ಒಲೆದಾಡಿ ರಿಂಗ್ ಒಂಚೂರು ತಿರುಗ್ತು, ಅಷ್ಟೇ, ಬೆರಳ ಸಂದಿಯಿಂದ ಸರಕ್ ಅಂತ ಜಾರಿ ಟೇಬಲ್ ಮೇಲೆ ಬಿತ್ತು. ಬಿದ್ದಿದ್ದು ಗೊತ್ತೇ ಆಗದ ಹಾಗೆ ತೋಳು ಖಾಲಿ ಬೆರಳು ಮುಚ್ಕೊಂಡು ಮೇಲಕ್ಕೆ ಹೋಗ್ತಾನೇ ಇತ್ತು.

"ಬೆರಳು ಇನ್ನೊಂಚೂರು ಗಟ್ಟಿಯಾಗಿ ಅದುಮಿದ್ರೆ ಆಗ್ತಿತ್ತಲ್ವೇನಮ್ಮ" ಅಂದೆ. "ಗಟ್ಟಿಯಾಗಿ ಅದುಮಿದ್ರೆ ಲೋಟ ಒಡೆದುಹೋಗುತ್ತೆ ಸರ್, ಜಾರ್ತಾ ಇದೆ ಅಂತ ಬೇಗ ಗೊತ್ತಾಗ್ಬೇಕು, ಅದೇ ನನ್ನ ಕೆಲಸ" ಅಂದ್ರು.

ಈ ಮಾತಿನ ತೂಕ ಅರ್ಥ ಆಗ್ಬೇಕಾದ್ರೆ ಮೊದಲು ನಮ್ಮ ಕೈ ನೋಡ್ಕೋಬೇಕು. ಒಂದು ಕೈಯಲ್ಲಿ 27 ಮೂಳೆ. ಅಂಗೈ ಮತ್ತು ಬೆರಳುಗಳ ಒಳಭಾಗದ ಚರ್ಮದಲ್ಲಿ ಸ್ಪರ್ಶದ ಸುದ್ದಿ ಹೊತ್ತೊಯ್ಯೋ ಸುಮಾರು 17,000 ನರತಂತುಗಳಿವೆ ಅಂತ ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ಬೋ 1979ರಲ್ಲಿ ಲೆಕ್ಕ ಹಾಕಿದ್ರು. ಆಮೇಲೆ 1984ರಲ್ಲಿ ಅದೇ ಯೋಹಾನ್ಸನ್, ವೆಸ್ಟ್‌ಲಿಂಗ್ ಜೊತೆ ಸೇರಿ ತೋರಿಸಿದ್ದೇನಂದ್ರೆ, ನಾವು ಯಾವ ವಸ್ತು ಎತ್ತಿದ್ರೂ ಅದು ಜಾರದೇ ಇರೋಕೆ ಎಷ್ಟು ಬೇಕೋ ಅದಕ್ಕಿಂತ ಒಂಚೂರೇ ಜಾಸ್ತಿ ಬಲ ಹಾಕ್ತೀವಿ, ನುಣುಪಾಗಿದ್ರೆ ಜಾಸ್ತಿ, ಒರಟಾಗಿದ್ರೆ ಕಮ್ಮಿ, ಅಕಸ್ಮಾತ್ ಜಾರಿದ್ರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ ಹೊತ್ತಲ್ಲಿ ಬೆರಳು ತಾನೇ ಬಿಗಿಯಾಗುತ್ತೆ. ನಮಗೆ ಜಾರಿದ್ದು ಗಮನಕ್ಕೆ ಬರೋ ಮುಂಚೇನೇ ಎಲ್ಲಾ ಮುಗಿದಿರುತ್ತೆ.

ಎಷ್ಟು ಥರ ಹಿಡೀತೀವಿ ಅನ್ನೋದನ್ನೂ ವಿಜ್ಞಾನಿಗಳು ಪಟ್ಟಿ ಮಾಡಿದ್ದಾರೆ, 1956ರಲ್ಲಿ ನೇಪಿಯರ್ ಅನ್ನೋವ್ರು ಬಲದ ಹಿಡಿತ, ನಾಜೂಕಿನ ಹಿಡಿತ ಅಂತ ಎರಡು ಮಾಡಿದ್ರು, 1989ರಲ್ಲಿ ಕಟ್ಕೋಸ್ಕಿ ಅದನ್ನ ಇನ್ನೂ ಬಿಡಿಸಿ ದೊಡ್ಡ ಪಟ್ಟಿ ಮಾಡಿದ್ರು. ಇದನ್ನ ಕೇಳ್ತಾ ಇದ್ದಾಗ ನನಗೆ ನಮ್ಮ ಭಾಷೆ ನೆನಪಾಯ್ತು. ಚಿಟಿಕೆ ಅಂದ್ರೆ ಎರಡು ಬೆರಳ ತುದಿ, ಹಿಡಿ ಅಂದ್ರೆ ಅಂಗೈ ಸಮೇತ ಐದೂ ಬೆರಳು, ಬೊಗಸೆ ಅಂದ್ರೆ ಎರಡೂ ಕೈ. ಚಿವುಟೋದು ಬೇರೆ, ಹಿಸುಕೋದು ಬೇರೆ, ಅವುಚೋದು ಬೇರೆ, ಬಾಚೋದು ಬೇರೆ. ಒಂದೊಂದು ಕ್ರಿಯಾಪದದಲ್ಲೂ ಎಷ್ಟು ಬೆರಳು, ಎಷ್ಟು ಬಲ ಅನ್ನೋದು ಅಡಗಿದೆ. ಇದನ್ನ ನಮ್ಮ ಸದಸ್ಯೆಗೆ ಹೇಳಿದಾಗ ತಕ್ಷಣ ನೋಟ್‌ಬುಕ್ ತೆಗೆದು ಬರ್ಕೊಂಡ್ರು, ಅದು ನಂಗೆ ತುಂಬಾ ಖುಷಿ ಕೊಡ್ತು.

ಈಗ ರೋಬೋಟ್ ಕಡೆ ಬರೋಣ. ಒಂದು ವಸ್ತು ಅಲುಗಾಡದೇ ಇರೋಕೆ ಎಷ್ಟು ಕಡೆಯಿಂದ ತಡೀಬೇಕು ಅನ್ನೋ ಪ್ರಶ್ನೆ ರೋಬೋಟ್‌ಗಿಂತ ಹಳೇದು, ಜರ್ಮನಿಯ ರ್‍ಯೂಲೋ 1870ರ ದಶಕದಲ್ಲೇ ಇದನ್ನ ಎತ್ತಿದ್ರು. ಘರ್ಷಣೆ ಇಲ್ಲವೇ ಇಲ್ಲ ಅಂತಿಟ್ಕೊಂಡ್ರೆ, ಸುತ್ತ ಎತ್ತಲೂ ಸರಿಯದ ಹಾಗೆ ತಡೆಯೋಕೆ ಕಮ್ಮಿ ಅಂದ್ರೂ 7 ಕಡೆ ತಾಗಿರ್ಬೇಕು. ಘರ್ಷಣೆ ಇದ್ರೆ ಎರಡು ಮೆತ್ತನೆ ಬೆರಳೂ ಸಾಕಾಗುತ್ತೆ, ಆದ್ರೆ ಎರಡು ಬೆರಳು ತಾಗಿರೋ ಬಿಂದುಗಳನ್ನ ಸೇರಿಸೋ ಗೆರೆ ಆ ಮೇಲ್ಮೈಗೆ ಹೆಚ್ಚುಕಮ್ಮಿ ಲಂಬವಾಗಿರ್ಬೇಕು, ಓರೆಯಾದಷ್ಟೂ ಜಾರೋ ಭಯ. ಇದು ಲೆಕ್ಕದಲ್ಲಿ ಚೆನ್ನಾಗೇ ಇದೆ, ಕಷ್ಟ ಏನಂದ್ರೆ ಎದುರಿಗಿರೋ ವಸ್ತುವಿನ ಆಕಾರ, ತೂಕ, ನುಣುಪು ಯಾವುದೂ ರೋಬೋಟ್‌ಗೆ ಮೊದಲೇ ಗೊತ್ತಿರಲ್ಲ. ಅದಕ್ಕೇ ಸಂಶೋಧಕರು ರೋಬೋಟ್‌ಗೆ ಉದಾಹರಣೆ ಕೊಟ್ಟು ಕಲಿಸಿ ನೋಡೋಣ ಅಂತ ಹೊರಟ್ರು. 2016ರಲ್ಲಿ ಗೂಗಲ್‌ನವರು 14 ತೋಳುಗಳವರೆಗೆ ಸಾಲಾಗಿ ನಿಲ್ಲಿಸಿ 8 ಲಕ್ಷಕ್ಕೂ ಹೆಚ್ಚು ಸಲ ಹಿಡಿಸಿದ್ರು. ಮಾರನೇ ವರ್ಷ ಬರ್ಕ್‌ಲಿ ಯೂನಿವರ್ಸಿಟಿಯ ಗೋಲ್ಡ್‌ಬರ್ಗ್ ತಂಡ ಡೆಕ್ಸ್-ನೆಟ್ 2.0 ಅಂತ ಒಂದು ಪ್ರೋಗ್ರಾಂ ಮಾಡ್ತು, ಅದಕ್ಕೆ ಕಂಪ್ಯೂಟರ್‌ನಲ್ಲೇ ಸೃಷ್ಟಿಸಿದ 67 ಲಕ್ಷ ಉದಾಹರಣೆ ಕೊಟ್ಟು ಕಲಿಸಿದ್ರು. ಎಲ್ಲಿ ಹಿಡೀಬೇಕು ಅನ್ನೋದು ಇದರಿಂದ ಬಹಳ ಸುಧಾರಿಸ್ತು.

ಆದ್ರೆ ನಾನು ನೋಡಿದ ಗೊಂಚಲು ಸರಿಯಾದ ಜಾಗದಲ್ಲಿ ಹಿಡಿದ್ರೂ ಬಿತ್ತಲ್ಲ! ನಮ್ಮ ಸದಸ್ಯೆ ಸ್ಕ್ರೀನ್ ಮೇಲೆ ಒಂದು ಗೆರೆ ತೋರಿಸಿದ್ರು. ಬೆರಳ ತುದಿಯ ಸೆನ್ಸರ್ ಜಾರಿದ್ದನ್ನ ಕಂಡಿತ್ತು. ಆ ಸುದ್ದಿ ವೈರ್ ಹಿಡ್ಕೊಂಡು ದೊಡ್ಡ ಕಂಪ್ಯೂಟರ್‌ಗೆ ಹೋಗಿ, ಮೆಮೊರಿಯಲ್ಲಿ ಕೂತು, ಬೇರೆ ಕೆಲಸ ಮುಗಿಯೋವರೆಗೂ ಕಾದು, ಲೆಕ್ಕ ಆಗಿ, ಬಿಗಿ ಮಾಡು ಅನ್ನೋ ಅಪ್ಪಣೆ ವಾಪಸ್ ಬರೋ ಹೊತ್ತಿಗೆ ಗೊಂಚಲು ಟೇಬಲ್ ಮೇಲಿತ್ತು. ಸ್ಕೂಲಲ್ಲಿ ಓದಿದ ಲೆಕ್ಕಾನೇ ಹಾಕಿ ನೋಡಿ, ಕೈ ಬಿಟ್ಟ ವಸ್ತು 100 ಮಿಲಿಸೆಕೆಂಡಲ್ಲಿ ಸುಮಾರು 5 ಸೆಂಟಿಮೀಟರ್ ಬೀಳುತ್ತೆ, 10 ಮಿಲಿಸೆಕೆಂಡಲ್ಲಿ ಬೀಳೋದು ಅರ್ಧ ಮಿಲಿಮೀಟರ್ ಮಾತ್ರ. ಐದು ಸೆಂಟಿಮೀಟರ್ ಹೋಯ್ತು ಅಂದ್ರೆ ಬೆರಳ ತುದಿಯಿಂದ ಆಚೆ ಹೋಯ್ತು ಅಂತಾನೇ. ಅರ್ಧ ಮಿಲಿಮೀಟರ್ ಆದ್ರೆ ಇನ್ನೂ ಕೈಯಲ್ಲೇ ಇದೆ.

ಇಲ್ಲಿಂದಾನೇ ಅವರು ಚಿಪ್ ಕಡೆ ತಿರುಗಿದ್ದು. ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡೋದು ಅಗ್ಗ, ಲೆಕ್ಕಕ್ಕೆ ಬೇಕಾದ ಅಂಕಿಗಳನ್ನ ಹೊತ್ತು ತರೋದು ದುಬಾರಿ, ಇದು ನಂಗೆ ಗೊತ್ತೇ ಇರ್ಲಿಲ್ಲ. 45 ನ್ಯಾನೋಮೀಟರ್ ಚಿಪ್‌ನಲ್ಲಿ ಎರಡು 32 ಬಿಟ್ ಪೂರ್ಣಾಂಕ ಕೂಡಿಸೋಕೆ ಸುಮಾರು 0.1 ಪಿಕೋಜೌಲ್ (ಶಕ್ತಿಯ ತೀರಾ ಚಿಕ್ಕ ಅಳತೆ) ಸಾಕು, ಅಂಥದೊಂದು ಸಂಖ್ಯೇನ ಹೊರಗಿನ ಡಿರ್‍ಯಾಮ್ ಮೆಮೊರಿಯಿಂದ ತರೋಕೆ ಸುಮಾರು 640 ಬೇಕು, ಅಂದ್ರೆ ಆರು ಸಾವಿರ ಪಟ್ಟಿಗೂ ಹೆಚ್ಚು! ಚಿಪ್‌ಗಳು ವರ್ಷ ವರ್ಷ ತಾವಾಗೇ ಫಾಸ್ಟ್ ಆಗ್ತಿದ್ದ ಕಾಲ ಮುಗೀತು, ಇನ್ನು ಕೆಲಸಕ್ಕೆ ತಕ್ಕ ಚಿಪ್ ಕಟ್ಬೇಕು ಅಂತ ಹೆನೆಸ್ಸಿ ಮತ್ತು ಪ್ಯಾಟರ್ಸನ್, ಇಬ್ಬರೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನ 2017ರ ಸಾಲಿಗೆ ಪಡೆದವ್ರು, ಒತ್ತಿ ಹೇಳಿದ್ದಾರೆ. 2016ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ರೋಬೋಟ್ ಕಡೆಯ ಕೊನಿಡಾರಿಸ್, ಆರ್ಕಿಟೆಕ್ಚರ್ ಕಡೆಯ ಸೋರಿನ್ ಮತ್ತು ಅವರ ಜೊತೆಗಾರರು ಸೇರಿ ತೋಳು ಎಲ್ಲೂ ಡಿಕ್ಕಿ ಹೊಡೀದೇ ಹೋಗೋ ದಾರಿ ಹುಡುಕೋದಕ್ಕೆ ಅಂತಾನೇ ಹಾರ್ಡ್‌ವೇರ್ ಮಾಡಿದ್ರು, ಒಂದು ಮಿಲಿಸೆಕೆಂಡ್‌ಗಿಂತ ಕಮ್ಮಿ ಹೊತ್ತಲ್ಲಿ ದಾರಿ ಸಿಕ್ತು. 2021ರಲ್ಲಿ ಎಂಐಟಿಯಲ್ಲಿ ಸಬ್ರೀನಾ ನ್ಯೂಮನ್ ಮತ್ತು ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ರೋಬೋಟ್‌ಗೆ ಎಷ್ಟು ಕೀಲು, ಯಾವ ಕೀಲು ಯಾವ ಕಡೆ ತಿರುಗುತ್ತೆ ಅನ್ನೋದರ ಮೇಲೇ ಹಾರ್ಡ್‌ವೇರ್ ವಿನ್ಯಾಸ ಮಾಡೋದು, ಆ ಮೈಯಲ್ಲಿ ಆಗೋಕೇ ಸಾಧ್ಯ ಇಲ್ಲದ ಚಲನೆಗಳ ಲೆಕ್ಕಾನ ಹಾರ್ಡ್‌ವೇರ್‌ನಿಂದಾನೇ ಬಿಟ್ಟುಬಿಡೋದು. ಮೈಗೆ ತಕ್ಕ ಮಿದುಳು!

ನಮ್ಮ ಸದಸ್ಯೆ ಮಾಡ್ತಿರೋದು ಇದರ ಪಕ್ಕದ ಕೆಲಸ. ಜಾರೋದನ್ನ ಪತ್ತೆ ಮಾಡೋ ಲೆಕ್ಕಾನ ದೊಡ್ಡ ಕಂಪ್ಯೂಟರ್‌ಗೆ ಕಳಿಸೋದೇ ಬೇಡ, ರೋಬೋಟ್‌ನ ಮಣಿಕಟ್ಟಲ್ಲೇ ಒಂದು ಎಫ್‌ಪಿಜಿಎ ಬೋರ್ಡ್ (ಒಳಗಿನ ಸರ್ಕ್ಯೂಟನ್ನ ಬೇಕಾದ ಹಾಗೆ ಹೊಂದಿಸ್ಕೋಬಹುದಾದ ಚಿಪ್ ಇರೋ ಬೋರ್ಡ್) ಕೂರಿಸಿ ಅಲ್ಲೇ ತೀರ್ಮಾನ ಆಗ್ಲಿ ಅಂತ. ಇಂಥ ಕೆಲಸಕ್ಕೆ ಒಂದು ತೊಂದರೆ ಇದೆ, ರೋಬೋಟ್‌ನವರು ಇದು ಹಾರ್ಡ್‌ವೇರ್ ಅಂತಾರೆ, ಹಾರ್ಡ್‌ವೇರ್‌ನವರು ಇದು ರೋಬೋಟ್ ಅಂತಾರೆ, ಎರಡೂ ಕಡೆಯಿಂದ ಪೇಪರ್ ವಾಪಸ್ ಬಂದಿದ್ದನ್ನ ಅವರು ಬೇಜಾರಿಲ್ಲದೇ ಹೇಳಿದ್ರು, ಬೇಜಾರಾಗಿದ್ದು ನಂಗೆ. ಡ್ಯೂಕ್‌ನವರ ಕೆಲಸ ಒಂದೇ ವರ್ಷ ರೋಬೋಟಿಕ್ಸ್ ಸಮ್ಮೇಳನದಲ್ಲೂ ಬಂತು, ಆರ್ಕಿಟೆಕ್ಚರ್ ಸಮ್ಮೇಳನದಲ್ಲೂ ಬಂತು, ಇವರದ್ದೂ ಹಾಗೇ ಬರ್ಲಿ.

ಹೊರಡೋ ಮುಂಚೆ ಬೋರ್ಡ್ ಆನ್ ಮಾಡಿ ಇನ್ನೊಂದ್ಸಲ ತೋರಿಸಿದ್ರು. ಅದೇ ಗೊಂಚಲು, ಅದೇ ರಿಂಗ್. ಕೀ ಒಲೆದಾಡ್ತು, ರಿಂಗ್ ತಿರುಗೋಕೆ ಶುರುವಾಯ್ತು, ಬೆರಳು ಟಕ್ ಅಂತ ಬಿಗಿಯಾಗಿ ರಿಂಗ್ ಅಲ್ಲೇ ನಿಂತ್ಕೊಂಡ್ತು. ನಾನು ಉಸಿರು ಬಿಗಿಹಿಡಿದು ನೋಡ್ತಿದ್ದೆ ಅಂತ ಆಮೇಲೆ ಗೊತ್ತಾಯ್ತು.

ಮುಂದಿನ ಸಂಚಿಕೆಗೆ ಅವರೇ ಕನ್ನಡದಲ್ಲಿ ಬರೆಯೋಕೆ ಒಪ್ಪಿದ್ದಾರೆ. ಒಂದು ಪದ ಮಾತ್ರ ಸಿಗ್ತಿಲ್ಲ ಅಂತಾರೆ. ವಸ್ತು ಪೂರ್ತಿ ಜಾರೋ ಮುಂಚೆ ಬೆರಳು ತಾಗಿರೋ ಜಾಗದ ಅಂಚು ಮೊದಲು ಸರಿಯುತ್ತೆ, ನಡುಭಾಗ ಇನ್ನೂ ಅಂಟ್ಕೊಂಡಿರುತ್ತೆ, ಆ ಸ್ಥಿತಿಗೆ ಕನ್ನಡದಲ್ಲಿ ಏನನ್ನೋಣ ಅಂತ. ಕೈಕೆಲಸ ಬಲ್ಲ ಹಿರಿಯರ ಬಾಯಲ್ಲಿ ಇಂಥ ಮಾತು ಕೇಳಿದ್ರೆ ದಯವಿಟ್ಟು ಬರೆದು ಕಳಿಸಿ, ಅವರಿಗೆ ತಲುಪಿಸ್ತೀನಿ.